ನಾಲ್ಕನೇ ಪುಟದ ಖಾನೆ

ಡಿಸೆಂಬರ್ ಮೂವತ್ತು, ಹೆಲ್ಸಿಂಕಿ, ಗೇಟು ಇಪ್ಪತ್ತೆರಡು.
ಮಳೆ ನೆಲ ಮುಟ್ಟಿದ ಕೂಡಲೇ ಗಾಜಾಗುತ್ತಿದೆ.
ಪಟ್ಟಿ ಹಿಡಿದು ನಿಂತವಳು ನಾನು.
ಮುಂದಿನ ಸಾಲಿನ ಎರಡು ಖಾಲಿ ಕುರ್ಚಿಗೆ
ಹದಿನಾಲ್ಕು ಹೆಸರು.

ಮೊದಲನೆಯದು ಪ್ರತಿವರ್ಷದ್ದೇ: ಕೆಸ್ಕಿತಾಲೊ, ತೈಸ್ತೊ.
ಚಿನ್ನದ ಕಾರ್ಡು. ಕೈಯಲ್ಲಿ ಚೀಲವಿಲ್ಲ,
ಕೋಟಿನ ಜೇಬಲ್ಲಿ ರೈ ರೊಟ್ಟಿಯ ಪೊಟ್ಟಣ.
ಬೆಳಿಗ್ಗೆ ಕೆಮಿಯಿಂದ ಬಂದ, ಹತ್ತಕ್ಕೆ ಸ್ಟಾಕ್‌ಹೋಮಿಗೆ ಹೋದ,
ಅಲ್ಲಿ ಇಳಿದು, ಕೈ ತೊಳೆದು,
ಅದೇ ವಿಮಾನಕ್ಕೆ ಮತ್ತೆ ಹತ್ತಿದ.
ಏನಾದರೂ ಮರೆತಿರಾ, ಎಂದಳಂತೆ ಬಾಗಿಲಲ್ಲಿದ್ದ ಹುಡುಗಿ.
ಹೌದು, ಅಂದನಂತೆ, ನಾನೂರು ಪಾಯಿಂಟು.

ಅವನ ಶಾಸ್ತ್ರ ನನಗೀಗ ಬಾಯಿಪಾಠ.
ನೇರ ಹೋಗುವವನು ಪೆದ್ದ;
ಎರಡು ಕಡೆ ಇಳಿದು ಹೋಗುವವನ ಬುತ್ತಿ ತುಂಬುತ್ತದೆ.
ಟಿಕೆಟ್ಟಿನ ಬೆಲೆ ಆಮೇಲೆ, ಮೂಲೆಯ ಅಕ್ಷರ ಮೊದಲು ನೋಡು:
ಅದೇ ಕುರ್ಚಿ, ಅದೇ ತಣ್ಣನೆ ಕಾಫಿ,
ಒಂದು ಅಕ್ಷರಕ್ಕೆ ಪೂರ್ತಿ, ಪಕ್ಕದ್ದಕ್ಕೆ ಕಾಲು.
ಅಪ್‌ಗ್ರೇಡಿಗೆ ಹರಾಜು ಕೂಗುವುದಾದರೆ
ಕನಿಷ್ಠಕ್ಕಿಂತ ಮೂರೇ ಯೂರೋ ಮೇಲೆ ಕೂಗು,
ಜಿಪುಣರೆಲ್ಲ ಕನಿಷ್ಠದಲ್ಲೇ ಸಾಲು ನಿಂತಿರುತ್ತಾರೆ.
ಐವತ್ತು ನಿಮಿಷದ ಹಾದಿಗೆ ಪಾಯಿಂಟು ಸುರಿಯಬೇಡ,
ಟೋಕಿಯೋದ ಉದ್ದ ಇರುಳಿಗೆ ಕೂಡಿಡು.

ಟೋಕಿಯೋ ನೋಡಿದ್ದೀರಾ, ಕೇಳಿದ್ದೆ ಒಮ್ಮೆ.
ಇನ್ನೂ ಕೂಡಿಡುತ್ತಿದ್ದೇನೆ, ಅಂದ.

ನಾನೂ ಲೆಕ್ಕ ಹಾಕಿದ್ದೆ, ಜನವಿಲ್ಲದ ಒಂದು ಮಧ್ಯಾಹ್ನ,
ಹರಿದ ಬೋರ್ಡಿಂಗ್ ಪಾಸಿನ ಬೆನ್ನ ಮೇಲೆ.
ಲಾಂಜಿನಲ್ಲಿ ಅವನು ಕುಡಿಯುವ ಸಾಲ್ಮನ್ ಸೂಪು
ಬಟ್ಟಲಿಗೆ ಅರವತ್ತೊಂದು ಯೂರೋ ಬೀಳುತ್ತದೆ.
ತೋರಿಸಿದೆ. ಕನ್ನಡಕ ಏರಿಸಿ ಓದಿದ.
ಕೂಡಿದ್ದು ಸರಿಯಿದೆ,
ಬಾಗಿಲನ್ನು ಸೇರಿಸಿಲ್ಲ ನೀವು.

ಬಾಗಿಲು?

ಕಾಗದದ ಕಾರ್ಖಾನೆ, ಮೂವತ್ತೊಂದು ವರ್ಷ.
ಕೊರಳಲ್ಲೊಂದು ಬಿಲ್ಲೆ, ಗೋಡೆಗೆ ಹಿಡಿದರೆ ಹಸಿರು ದೀಪ,
ಬಾಗಿಲು ತಾನಾಗಿ ಸರಿಯುತ್ತಿತ್ತು.
ಮುಚ್ಚಿದ ದಿನ ಎಲ್ಲರ ಬಿಲ್ಲೆಯನ್ನೂ
ಬಾಳೆಹಣ್ಣಿನ ರಟ್ಟಿನ ಪೆಟ್ಟಿಗೆಗೆ ಹಾಕಿಸಿಕೊಂಡರು.
ಸಹಿ ಕೂಡ ಕೇಳಲಿಲ್ಲ.

ಇವತ್ತು ಆರೂ ನಲವತ್ತಕ್ಕೆ
ಫಲಕದ ಮೇಲೆ ಕೆಮಿ ಕೆಂಪಾಯಿತು. ರದ್ದು.
ನಾಳೆಯ ವಿಮಾನಗಳು ಭರ್ತಿ.
ನಾಡಿದ್ದು ಹೊಸ ವರ್ಷ, ಎಲ್ಲರ ಲೆಕ್ಕವೂ ಸೊನ್ನೆ.
ಅವನಿಗೆ ಕಡಿಮೆ ಬಿದ್ದಿದ್ದು ಈ ಒಂದೇ ಹಾರಾಟ.
ಊರೆಲ್ಲ ಸುತ್ತಿ ಸುಂಕದ ಕಟ್ಟೆಯ ಮುಂದೆ
ಬೆಳಗಾಯಿತಲ್ಲ ಇವನಿಗೆ, ಅಂದುಕೊಂಡೆ.

ಉಳಿದವರು ಕೂಗಾಡಿದರು, ಹೋಟೆಲಿಗೆ, ಊಟದ ಚೀಟಿಗೆ.
ಕೊನೆಯಲ್ಲಿ ಅವನು ಬಂದ.
ಸುಂಕದವಳ ಮುಂದೆ ಸುಖದುಃಖವೇ ಎಂದು
ಮುಖ ಗಟ್ಟಿ ಮಾಡಿಕೊಂಡೆ.
ಸುಖವನ್ನೂ ಹೇಳಲಿಲ್ಲ, ದುಃಖವನ್ನೂ ಹೇಳಲಿಲ್ಲ.
ನನ್ನ ಎದೆಯ ಮೇಲಿನ ಹೆಸರು ಓದಿದ.
ಮರ್ಯುತ್, ನಿಮ್ಮ ಫಾರಮಿನ ನಾಲ್ಕನೇ ಪುಟ,
ತೀರಾ ಕೆಳಗೆ, ಒಂದು ಖಾನೆಯಿದೆ:
ಹಾರದಿದ್ದರೂ ಹಾರಿದಂತೆ ಜಮಾ,
ತಪ್ಪು ಕಂಪನಿಯದಾದರೆ.

ಹನ್ನೊಂದು ವರ್ಷ ಈ ಕಟ್ಟೆಯ ಹಿಂದೆ ನಿಂತಿದ್ದೇನೆ,
ಮೂರನೇ ಪುಟ ದಾಟಿರಲಿಲ್ಲ.

ತಪ್ಪು ಮಳೆಯದಲ್ಲವೇ?
ರೆಕ್ಕೆಯ ಹಿಮ ತೊಳೆಯುವ ಲಾರಿ
ಎರಡೇ ಇಟ್ಟಿದ್ದು ಮಳೆಯೇ?

ಗುರುತು ಹಾಕಿದೆ. ಯಂತ್ರ ಯೋಚಿಸಿತು.
ನಾವಿಬ್ಬರೂ ಗಾಜಿನಾಚೆ ನೋಡುತ್ತ ನಿಂತೆವು,
ಅಲ್ಲಿ ಅವನ ವಿಮಾನ, ದೀಪ ಆರಿಸಿಕೊಂಡು,
ಬಿಳಿ ಕಟ್ಟುತ್ತ, ಎಲ್ಲಿಗೂ ಹೋಗದೆ,
ಆರುನೂರು ಕಿಲೋಮೀಟರು ಹಾರುತ್ತಿತ್ತು.
ಜಮಾ, ಅಂತ ಬಂತು.

ರಾತ್ರಿಯ ರೈಲಿಗೆ ಇನ್ನೂ ಹೊತ್ತಿದೆ,
ಜೊತೆಗೊಬ್ಬರನ್ನು ಕರೆದೊಯ್ಯಬಹುದು ಚಿನ್ನದವರು, ಅಂದ,
ಸೂಪು ಇವತ್ತು ಬಿಟ್ಟಿ.
ನನ್ನ ಪಾಳಿ ಮುಗಿದಿರಲಿಲ್ಲ.
ಮೆಟ್ಟಿಲ ಮೇಲೆ ಅವನ ಬೆನ್ನು, ಆಮೇಲೆ ಹಸಿರು ದೀಪ,
ಬಾಗಿಲು ಸರಿದ ಸದ್ದು.

ಐದನೇ ಪುಟ ತೆರೆದೆ.